ಕಿಟಕಿಯ ಮೇಲಿನ ನೀಲಿ ಬ್ರಷ್ಷು

ನನಗಿರುವ ಬಂಡವಾಳ ಬಾಯಿಯೊಂದೇ. ತೋಲ್ಪೆಟ್ಟಿಯಿಂದ ಕುಟ್ಟದವರೆಗೆ ನಾನು ಅಣಕಿಸದ ದನಿಯಿಲ್ಲ. ಫಾರೆಸ್ಟ್ ಜೀಪಿನ ಹಾರನ್ನು, ಬಸ್ ಕಂಡಕ್ಟರು, ಹಲ್ಲಿನ ಸೆಟ್ಟು ತೆಗೆದಿಟ್ಟು ಮಾತಾಡುವ ನಮ್ಮ ತಾತ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ತಾತನಿಗೇ.

ಮಾನಂತವಾಡಿಯ ಕ್ಲಬ್ಬೊಂದರಲ್ಲಿ ನನ್ನ ಓಣಂ ಮಿಮಿಕ್ರಿಗೆ ಇನ್ನು ನಾಲ್ಕೇ ದಿನ ಇತ್ತು. ಆ ಬೆಳಿಗ್ಗೆ ಉಗುಳಿದರೆ ನೊರೆಯೆಲ್ಲ ಕೆಂಪು! ಮುಂದಿನ ಹಲ್ಲು ಉದುರಿದರೆ ಜೀಪಿನ ಹಾರನ್ನು ಬರೀ ಗಾಳಿ. ಸಿಕ್ಕಿದ ಬಸ್ಸು ಹತ್ತಿ ಹಲ್ಲಿನ ಡಾಕ್ಟರಮ್ಮನ ಮುಂದೆ ಬಾಯಿ ತೆರೆದು ಕೂತೆ.

"ಬ್ರಷ್ ತಗೊಂಡು ಎಷ್ಟು ದಿನ ಆಯ್ತು?"

"ಕಳೆದ ಓಣಂಗೆ, ಡಾಕ್ಟ್ರೇ."

ಹೇಗೆ ಉಜ್ಜುತ್ತೀಯ ತೋರಿಸು ಎಂದರು. ಗಾಳಿಯಲ್ಲೇ ಉಜ್ಜಿ ತೋರಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. "ಮೋನೇ, ಮಗನೇ, ಅದು ಹಲ್ಲು. ಹಿತ್ತಾಳೆ ಕೊಡ ಅಲ್ಲ."

ಹಲ್ಲು ಗಟ್ಟಿಯಿದೆ, ಒಸಡು ಮಾತ್ರ ಕೆರೆದುಹೋಗಿದೆಯಂತೆ. ಮೆತ್ತನೆಯ ಬ್ರಷ್ಷು, ಹಗುರ ಕೈ, ಮೂರು ತಿಂಗಳಿಗೊಮ್ಮೆ ಹೊಸದು. ಎಳೆ ಬಾಗಿದರೆ ಅದಕ್ಕೂ ಮೊದಲೇ. ನನ್ನದರ ಎಳೆಗಳಂತೂ ಆನೆ ನುಗ್ಗಿದ ಗದ್ದೆಯ ಪೈರಿನಂತೆ ದಿಕ್ಕಿಗೊಂದು ಮಲಗಿದ್ದವು.

ಹೊಸದನ್ನು ಕೊಂಡು ಮನೆಗೆ ಬಂದೆ. ಬಚ್ಚಲ ಕಿಟಕಿಯ ಮೇಲಿದ್ದ ನನ್ನ ಹಳೆಯ ನೀಲಿ ಬ್ರಷ್ಷನ್ನು ಎಸೆಯಲು ಕೈಯೆತ್ತಿದೆನೋ ಇಲ್ಲವೋ, ಹಿಂದಿನಿಂದ ತಾತ ಕೂಗಿದ.

"ಲೇ ಲೇ, ಎಸೀಬೇಡ್ವೋ! ನನ್ನ ಸೆಟ್ಟು ಯಾವ್ದ್ರಲ್ಲಿ ಉಜ್ಲಿ?"

ನಮ್ಮ ಮನೆಯಲ್ಲಿ ಸವೆದ ಬ್ರಷ್ಷುಗಳನ್ನು ಸೈಕಲ್ ಚೈನು, ಗ್ಯಾಸ್ ಬರ್ನರು ಉಜ್ಜಲು ಇಡುವುದು ಆ ಕಿಟಕಿಯ ಮೇಲೆಯೇ. ನನ್ನದೂ ಅಲ್ಲೇ ಇತ್ತು.

"ತಾತಾ... ಇದ್ರಲ್ಲೇನಾ? ಎಷ್ಟು ದಿನದಿಂದ?"

"ಮಳೆಗಾಲಕ್ ಮುಂಚಿಂದ. ಅದರ ಅವತಾರ ನೋಡಿ ರಿಟೈರಾಗಿದೆ ಅನ್ಕಂಡೆ."

ಮಳೆಗಾಲಕ್ಕೆ ಮುಂಚಿನಿಂದ! ದಿನಾ ಬೆಳಿಗ್ಗೆ! ಓಡಿಹೋಗಿ ಹದಿನೇಳು ಸಲ ಬಾಯಿ ಮುಕ್ಕಳಿಸಿದೆ. ಊರಿನ ಎಲ್ಲರ ದನಿ ಬರುವ ಗಂಟಲಿನಿಂದ ನನ್ನ ದನಿಯೊಂದು ಬಿಟ್ಟು ಏನೇನೋ ಹೊರಟಿತು. ತಾತ ಬಾಗಿಲಿಗೆ ಒರಗಿ, ಸೆಟ್ಟು ಕೈಯಲ್ಲಿ ಹಿಡಿದು, ಬೊಚ್ಚುಬಾಯಲ್ಲಿ ನಗುತ್ತಿದ್ದ.

"ನನ್ ದನಿ ನಿನ್ ಬಾಯಲ್ಲಿ ಅಷ್ಟ್ ಚೆಂದ ಬರೋದು ಸುಮ್ನೆ ಅನ್ಕಂಡ್ಯಾ?"

ನೀಲಿ ಬ್ರಷ್ಷನ್ನು ತಾತನಿಗೇ ಬಿಟ್ಟು, ಹೊಸದರಲ್ಲಿ ನಾಲ್ಕು ದಿನ ಹಗುರಾಗಿ ಉಜ್ಜಿದೆ. ನೊರೆ ಬೆಳ್ಳಗಾಯಿತು. ಹೊಸ ಬ್ರಷ್ಷನ್ನು ಮನೆಯಲ್ಲಿ ಬಿಡಲು ಧೈರ್ಯ ಸಾಲದೆ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ವೇದಿಕೆ ಹತ್ತಿದೆ. ಜೀಪಿನ ಹಾರನ್ನು ಜೋರಾಗಿಯೇ ಹೊರಟಿತು. ತಾತನ ದನಿಗೆ ಚಪ್ಪಾಳೆ ನಿಲ್ಲಲೇ ಇಲ್ಲ. ಮುಂದಿನ ಸಾಲಿನಲ್ಲಿ ಕೂತ ತಾತ ಸೆಟ್ಟು ಪೂರ್ತಿ ಕಾಣುವಂತೆ ನಕ್ಕ. ಹಾಳಾದ್ದು, ಎಷ್ಟು ಫಳಫಳ ಹೊಳೆಯುತ್ತಿತ್ತು!