ಮನಿಷಾ ಇಟ್ಟ ನಲವತ್ತೊಂದು ಹೆಸರು

ಒಂಬತ್ತು ವರ್ಷ ತುಂಬುವವರೆಗೆ ಮನಿಷಾಗೆ ಮನೆ ಅಂದರೆ ಸಂಜೆ ಅವ್ವ ಮೂರು ಕಲ್ಲು ಹೂಡಿ ಒಲೆ ಹಚ್ಚಿದ ಜಾಗ. ಅಪ್ಪ ಅಮಸಿದ್ದ ಮತ್ತು ಅವ್ವ ಸಾವಿತ್ರವ್ವ ಇನ್ನೂರು ಕುರಿಗಳ ಹಿಂದೆ ನಡೆಯುವವರು. ದೀಪಾವಳಿ ದಾಟಿತೆಂದರೆ ತಮ್ಮೂರು ಸನಮಡಿ ಬಿಟ್ಟು ಕೃಷ್ಣೆಯ ದಂಡೆಯ ಕಡೆಗೆ ಹೊರಡುವುದು, ದಾರಿಯಲ್ಲಿ ಒಬ್ಬರ ಹೊಲದಲ್ಲಿ ಎರಡು ದಿನ, ಇನ್ನೊಬ್ಬರ ಹೊಲದಲ್ಲಿ ಮೂರು ದಿನ ಕುರಿ ತರುಬಿ ಗೊಬ್ಬರ ಕೊಡುವುದು, ಜೂನಿನ ಮಿರಗದ ಮಳೆಯ ಹೊತ್ತಿಗೆ ತಿರುಗಿ ಊರು ಸೇರುವುದು. ಕುದುರೆಯ ಬೆನ್ನ ಮೇಲೆ ಕಂಬಳಿ, ಗಡಿಗೆ, ಕಾಲು ಕಟ್ಟಿದ ಎರಡು ಕೋಳಿ. ನಡೆಯಲಾರೆ ಅಂತ ಅತ್ತ ದಿನ ಅವೆಲ್ಲದರ ಮೇಲೆ ಮನಿಷಾ.

ಒಂಬತ್ತು ತುಂಬಿದ ವರ್ಷ ಅಪ್ಪ ಅವಳನ್ನು ಮಹಾರಾಷ್ಟ್ರದ ಗಡಿಯ ಜತ್ತದಲ್ಲಿದ್ದ ತನ್ನ ಅಕ್ಕ ರುಕ್ಮವ್ವನ ಮನೆಯಲ್ಲಿ ಬಿಟ್ಟ. ಒಂದು ವರ್ಷ ಸಾಲಿ ಕಲಿ, ಬರೋ ಮಿರಗಕ್ಕೆ ಕರಕೊಂಡು ಹೋಗ್ತೀನಿ ಅಂದಿದ್ದ. ಮಾತಿನಂತೆ ಬಂದ ಕೂಡ. ಮಗಳು ಪೇಟೆಯ ಬೋರ್ಡುಗಳನ್ನು ಮರಾಠಿಯಲ್ಲೂ ಕನ್ನಡದಲ್ಲೂ ಗಟ್ಟಿಯಾಗಿ ಓದಿ ತೋರಿಸಿದಳು. ಹಾಗೆ ಓದಿದರೆ ಅಪ್ಪ ಖುಷಿಯಾಗಿ ಅವತ್ತೇ ಕರಕೊಂಡು ಹೋಗುತ್ತಾನೆಂದು ಅವಳ ಲೆಕ್ಕ. ಅಮಸಿದ್ದ ಖುಷಿಯಾದದ್ದೇನೋ ಹೌದು; ಅದಕ್ಕೇ ಇನ್ನೊಂದು ವರ್ಷ ಇರಲಿ ಅಂತ ಬಿಟ್ಟುಹೋದ. ಹಾಗೆ ವರ್ಷಕ್ಕೆ ವರ್ಷ ಸೇರಿ ಹನ್ನೆರಡನೆಯ ತರಗತಿ ಮುಗಿಯಿತು, ಕಂಪ್ಯೂಟರ್ ಕೋರ್ಸ್ ಮುಗಿಯಿತು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ನಿಂತಿತು. ಹೆಂಗಸೊಬ್ಬಳು ಕಂಡವರ ಮಾಳಿಗೆ ಹತ್ತಿ ತಂತಿ ಕಟ್ಟುವುದು ಬಂದವರಿಗೆ ಸರಿಬರಲಿಲ್ಲ. ಮನಿಷಾಗೆ ಈಗ ಮೂವತ್ತೆರಡು.

ಮಾಳಿಗೆ ಹತ್ತುವ ಕೆಲಸ ಕೊಟ್ಟವನು ಮೊಸಿನ. ಜತ್ತದ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಸಣ್ಣ ಅಂಗಡಿ. ತಾಲೂಕಿನ ಶಾಲೆ, ಡೇರಿ, ಗ್ರಾಮಪಂಚಾಯಿತಿಗಳ ಮಾಳಿಗೆಯ ಮೇಲೆ ಡಿಶ್ ಕೂಡಿಸಿ ಇಂಟರ್ನೆಟ್ ಕೊಡುವುದು ಅವನ ಕಸುಬು. ಡಿಶ್ ಕೆಟ್ಟರೆ ಮನಿಷಾ ಮೋಟಾರ್ ಸೈಕಲ್ ಹತ್ತಿ ಹೋಗಬೇಕು. ಲ್ಯಾಪ್‌ಟಾಪಿಗೆ ತಂತಿ ಚುಚ್ಚಿ, ಆ ಊರಿನ ನೆಟ್‌ವರ್ಕ್ ಪ್ರೊಫೈಲ್ ಆರಿಸಿಕೊಂಡರೆ ಮಾತ್ರ ಡಿಶ್ ಮಾತು ಕೇಳುತ್ತದೆ. ಒಂದೊಂದು ಜಾಗಕ್ಕೆ ಒಂದೊಂದು ವಿಳಾಸ, ಅದಕ್ಕೆ ಒಂದೊಂದು ಪ್ರೊಫೈಲ್. ಮೊದಮೊದಲು ಲ್ಯಾಪ್‌ಟಾಪ್ ತಾನೇ ಅವಕ್ಕೆ ಹೆಸರು ಕೊಡುತ್ತಿತ್ತು: ವೈರ್ಡ್ ಕನೆಕ್ಷನ್ ಒಂದು, ಎರಡು, ಮೂರು. ಹನ್ನೊಂದಕ್ಕೆ ಬರುವಷ್ಟರಲ್ಲಿ ಯಾವುದು ಯಾವ ಊರಿನದೆಂದು ತಿಳಿಯದೆ ಒಂದು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಕೂತು ಒಂದೊಂದನ್ನೇ ಹಚ್ಚಿ ನೋಡಬೇಕಾಯಿತು. ಅಂದು ಸಂಜೆ ಅವಳು ಹೆಸರು ಬದಲಿಸುವ ಆಜ್ಞೆ ಕಲಿತಳು. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಎನ್ಎಂಸಿಎಲ್ಐ ಎಂಬ ತಂತ್ರಾಂಶದ ಹೆಸರು, ಕನೆಕ್ಷನ್, ಮಾಡಿಫೈ, ಹಳೆಯ ಹೆಸರು, ಕನೆಕ್ಷನ್ ಡಾಟ್ ಐಡಿ, ಹೊಸ ಹೆಸರು. ಒಳಗಿನ ವಿಳಾಸ ಒಂದೂ ಅಲುಗದೆ ಮೇಲಿನ ಹೆಸರು ಮಾತ್ರ ಬದಲಾಗುತ್ತಿತ್ತು.

ಊರ ಹೆಸರು ಬರೆಯಬೇಕೆಂದೇ ಅವಳು ಕೂತಿದ್ದು. ಮೊದಲನೆಯದು ಸನಮಡಿಯ ಒಂದು ಶಾಲೆ. ಆ ಶಾಲೆಯ ಹಿಂದಿನ ದಿಬ್ಬದಲ್ಲಿ ಅವಳು ಸಣ್ಣವಳಿದ್ದಾಗ ತೋಳ ಬಂದು ಒಂದು ಕುರಿ ಒಯ್ದಿತ್ತು. ಅವಳ ಬೆರಳು 'ತೋಳ-ಬಂದಿತ್ತು' ಅಂತ ಬರೆದವು. ಕಪ್ಪು ಪರದೆಯಲ್ಲಿ ಕನ್ನಡದ ಒತ್ತಕ್ಷರ ಒಡೆಯುತ್ತವೆಂದು ಇಂಗ್ಲಿಷ್ ಅಕ್ಷರದಲ್ಲೇ ಬರೆದಳು. ಅಲ್ಲಿಂದ ಮುಂದೆ ಎಲ್ಲವೂ ಹಾಗೇ ಆದವು. ತಾಲೂಕಿನಲ್ಲಿ ಕುರಿ ನಡೆಯದ ಊರಿಲ್ಲ, ಕುರಿ ನಿಂತ ಜಾಗದ ನೆನಪಿಲ್ಲದ ಮಾಳಿಗೆ ಅವಳಿಗೆ ಸಿಗಲಿಲ್ಲ. ಒಂದಕ್ಕೆ 'ಅವಳಿ-ಮರಿ', ಒಂದಕ್ಕೆ 'ಕುದುರೆ-ನೀರು-ಕುಡೀಲಿಲ್ಲ'. ಡಫಳಾಪುರದ ಡೇರಿಗೆ 'ಅವ್ವ-ಹಿಂದ-ಉಳಿದ್ಳು'. ಅಲ್ಲಿ ಹಾದುಹೋಗುವಾಗ ಪ್ರತಿ ವರ್ಷ ಅವ್ವ ಹಿಂದೆ ಬೀಳುತ್ತಿದ್ದಳು, ಕಾಲಿಗೆ ಮುಳ್ಳು ಚುಚ್ಚಿತೇನೋ ಎಂದು ಮನಿಷಾ ತಿರುಗಿ ನೋಡಿದರೆ ಅಪ್ಪ, ನೀ ನಡೀ, ಬರ್ತಾಳ ಅನ್ನುತ್ತಿದ್ದ. ಬಿಳೂರಿನ ಪಂಚಾಯಿತಿಗೆ ಇಟ್ಟದ್ದು ಒಂದೇ ಶಬ್ದ: 'ತಂಗಿ'.

ಆ ತಂಗಿ ಒಂಬತ್ತು ದಿನ ಇದ್ದಳು. ಮನಿಷಾಗೆ ಆಗ ಆರು. ಬಿಡಾರದಲ್ಲಿ ಹುಟ್ಟಿ ಬಿಡಾರದಲ್ಲೇ ತೀರಿಹೋದ ಕೂಸನ್ನು ಬಿಳೂರಿನ ಹತ್ತಿರ ಒಂದು ಬನ್ನಿ ಗಿಡದ ಬುಡದಲ್ಲಿ ಮಣ್ಣಿಗೆ ಇಟ್ಟರೆಂದು ಅವಳ ತಲೆಯಲ್ಲಿ ಹೇಗೋ ಕೂತಿತ್ತು. ಬಿಳೂರಿನ ಕೆಲಸ ಬಂದಾಗಲೆಲ್ಲ ಆ ಗಿಡದ ಹತ್ತಿರ ಗಾಡಿ ನಿಲ್ಲಿಸಿ, ತನ್ನ ಬಾಟಲಿಯ ನೀರಲ್ಲಿ ಅರ್ಧ ಬುಡಕ್ಕೆ ಹಾಕಿ ಮುಂದೆ ಹೋಗುವುದು ಎಂಟು ವರ್ಷದ ರೂಢಿ.

ಈ ವರ್ಷ ಹೋಳಿಯ ನಂತರ ಮೊಸಿನ ಇನ್ನೊಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡ. ಸುಲತಾನಾ ಅಂತ, ಮಿರಜದಲ್ಲಿ ಡಿಪ್ಲೊಮಾ ಮಾಡಿದವಳು, ಚುರುಕು. ಮನಿಷಾ ಜ್ವರದಿಂದ ಮಲಗಿದ್ದ ಒಂದು ದಿನ ಸನಮಡಿಯ ಶಾಲೆಯಿಂದ ಫೋನ್ ಬಂತು. ಪರೀಕ್ಷೆಯ ಅರ್ಜಿ ಕಳಿಸುವ ದಿನ, ನೆಟ್ ಇಲ್ಲ. ಸುಲತಾನಾ ಅದೇ ಲ್ಯಾಪ್‌ಟಾಪ್ ಹಿಡಿದು ಹೋದಳು. ಮಾಳಿಗೆಯ ಮೇಲೆ ಕೂತು ಪ್ರೊಫೈಲುಗಳ ಪಟ್ಟಿ ತೆಗೆದರೆ ತೋಳ, ಕುದುರೆ, ಮರಿ. ಸನಮಡಿ ಎಂಬ ಹೆಸರೇ ಇಲ್ಲ. ಮನಿಷಾಗೆ ಫೋನ್ ಮಾಡಿದಳು. ಗುಳಿಗೆ ನುಂಗಿ ಮಲಗಿದ್ದವಳು ಎತ್ತಲಿಲ್ಲ. ಸುಲತಾನಾ ಒಂದೊಂದನ್ನೇ ಹಚ್ಚಿ ಸರಿಯಾದದ್ದು ಸಿಗುವವರೆಗೆ ನಾಲ್ಕು ತಾಸು ಮಕ್ಕಳು ಕಾದು ಕೂತರು.

ಮೊಸಿನ ಸಿಟ್ಟು ಮಾಡುವ ಮನುಷ್ಯನಲ್ಲ. ಶನಿವಾರ ಚಹಾ ತರಿಸಿ, ಎದುರಿಗೆ ಕೂತು ಹೇಳಿದ.

"ಮನಿಷಾ, ಇಷ್ಟ ದಿನ ನೀವೊಬ್ಬರ ಇದ್ರಿ, ನಾ ಏನೂ ಅನ್ನಲಿಲ್ಲ. ಇನ್ನ ಎಲ್ಲಾರಿಗೂ ತಿಳಿಯೂ ಹಂಗ ಇರ್ಲಿ. ಮೊದಲ ಊರ, ಆಮ್ಯಾಲ ಸಾಲಿನೋ ಡೇರಿನೋ, ಆಮ್ಯಾಲ ನಂಬರ."

"ತಪ್ಪು ನಂದ ಐತ್ರಿ ಅಣ್ಣಾರ," ಅಂದಳು ಮನಿಷಾ. "ನಾಳಿ ಎಲ್ಲಾ ಬದಲಿ ಮಾಡ್ತೀನಿ."

ಭಾನುವಾರ ಬೆಳಗ್ಗೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಲವತ್ತೊಂದು ಹೆಸರು. ಒಂದೊಂದಕ್ಕೆ ಬೇಕಾದದ್ದು ಅರ್ಧ ನಿಮಿಷ, ಎಲ್ಲ ಸೇರಿದರೂ ಅರ್ಧ ತಾಸಿನೊಳಗೆ ಮುಗಿಯಬೇಕಿದ್ದ ಕೆಲಸ. ಆದರೆ ಪ್ರತಿ ಹಳೆಯ ಹೆಸರನ್ನೂ ಕೊನೆಯ ಸಲ ಪೂರ್ತಿ ಬರೆಯಬೇಕಾಗುತ್ತಿತ್ತು. ಬರೆದರೆ ಆ ಜಾಗ ಕಣ್ಣಿಗೆ ಬರುತ್ತಿತ್ತು. ಬೆಳಗಿನ ಜಾವ ಕಂಬಳಿಯ ಮೇಲೆ ಬಿದ್ದ ಇಬ್ಬನಿ, ಬಲೆಯ ಬೇಲಿಯೊಳಗೆ ತಾಯಿಯನ್ನು ಹುಡುಕುವ ಮರಿಗಳ ಗದ್ದಲ, ಕೈಗೆ ಅಂಟಿದ ಕುರಿಹಾಲಿನ ವಾಸನೆ. ಇಪ್ಪತ್ಮೂರು ವರ್ಷದಿಂದ ಅವಳು ಒಂದೇ ಮನೆಯ ಒಂದೇ ಮೂಲೆಯಲ್ಲಿ ಮಲಗುತ್ತಿದ್ದಳು. ಆದರೂ ದೀಪಾವಳಿ ಮುಗಿದ ವಾರ ಕಾಲು ತಾವಾಗಿ ಹೊರಡಲು ನೋಡುತ್ತಿದ್ದವು. ಇದನ್ನು ಅತ್ತೆ ರುಕ್ಮವ್ವನ ಮುಂದೆ ಒಮ್ಮೆ ಹೇಳಿದ್ದಕ್ಕೆ ಅತ್ತೆ ನಕ್ಕಿದ್ದಳು: ನಡದವರಿಗೆ ಕೇಳು, ಅವರು ಕುಂಡ್ರಾಕ ಬಯಸ್ತಾರ.

ಹದಿನೇಳು ಹೆಸರು ಮುಗಿದವು. ಹದಿನೆಂಟನೆಯದು 'ತಂಗಿ'. ಅಲ್ಲಿ ಕೈ ನಿಂತಿತು. ಇಷ್ಟು ವರ್ಷ ಅಪ್ಪ-ಅವ್ವನನ್ನು ಈ ವಿಷಯ ಅವಳು ಕೇಳಿರಲಿಲ್ಲ, ಅವರೂ ಎತ್ತಿರಲಿಲ್ಲ. ಇವತ್ತು ಕೇಳದಿದ್ದರೆ ಇನ್ನು ಕೇಳುವುದೇ ಇಲ್ಲ ಅನ್ನಿಸಿ ಅಪ್ಪನಿಗೆ ಫೋನ್ ಹಚ್ಚಿದಳು. ಅಮಸಿದ್ದ ಕೃಷ್ಣೆಯ ದಂಡೆಯಲ್ಲಿ, ಕಬ್ಬು ಕಡಿದ ಒಂದು ಹೊಲದಲ್ಲಿ ಕುರಿ ಬಿಟ್ಟಿದ್ದ. ಅವನ ಹಿಂದೆ ಟ್ರ್ಯಾಕ್ಟರಿನ ಸದ್ದು. ಊಟ, ನೀರು, ಕುರಿಗಳ ಕ್ಷೇಮ ಕೇಳಿ ಆದಮೇಲೆ ಅವಳು ಮೆಲ್ಲಗೆ ಕೇಳಿದಳು.

"ಅಪ್ಪಾ, ತಂಗೀನ ಇಟ್ಟಿದ್ದು ಬಿಳೂರ ಬನ್ನಿ ಗಿಡದ ಬುಡಕ ಹೌದಲ್ಲ?"

ಅಪ್ಪ ಟ್ರ್ಯಾಕ್ಟರಿನಿಂದ ದೂರ ಹೋದನೆಂದು ತೋರುತ್ತದೆ, ಸದ್ದು ಕಡಿಮೆಯಾಯಿತು.

"ಬಿಳೂರ ಅಲ್ಲವ್ವಾ. ಆ ವರ್ಷ ನಾವು ಬಿಳೂರ ಹಾದಿ ಹಿಡದಿದ್ದಿಲ್ಲ. ಡಫಳಾಪುರದ ಕಡಿ, ಹಳ್ಳದ ದಂಡಿ ಮ್ಯಾಲ. ಈಗ ಅಲ್ಲಿ ಡೇರಿ ಆಗೇತಿ ನೋಡು, ಅದರ ಹಿಂದ."

ಆ ಡೇರಿಯ ಮಾಳಿಗೆಯನ್ನು ಮನಿಷಾ ಎಷ್ಟೋ ಸಲ ಹತ್ತಿದ್ದಳು. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿ, ಹಿಂದಿನ ಹಳ್ಳ ನೋಡುತ್ತ, ರೊಟ್ಟಿ ತಿಂದು ಬಂದಿದ್ದಳು. ಅವ್ವನ ಕಾಲಿಗೆ ಅಲ್ಲಿ ಯಾವ ಮುಳ್ಳೂ ಚುಚ್ಚಿರಲಿಲ್ಲ.

ಅಷ್ಟರಲ್ಲಿ ಅವ್ವ ಫೋನ್ ಇಸಿದುಕೊಂಡಿದ್ದಳು. ಸಾವಿತ್ರವ್ವ ಫೋನಿನಲ್ಲಿ ಮಾತು ಬೆಳೆಸುವವಳಲ್ಲ. ಊಟ ಆಯ್ತಾ ಅಂತ ಕೇಳಿ ಗಂಡನ ಕೈಗೆ ಕೊಡುವವಳು. ಅಂದು ಮಗಳು ಬಿಳೂರಿನ ಗಿಡಕ್ಕೆ ನೀರು ಹಾಕುವುದನ್ನು ಹೇಳಿದಳು, ಎಂಟು ವರ್ಷ ಯಾರದೋ ಗಿಡಕ್ಕೆ ಹಾಕಿದೆನಲ್ಲ ಅಂದಳು. ಹೇಳುವಾಗ ನಾಚಿಕೆಯಾಯಿತು.

"ಇರ್ಲಿ ಬಿಡು, ಬ್ಯಾಸಗ್ಯಾಗ ಗಿಡಕ್ಕ ನೀರ ಹಾಕಿದ್ರ ಕೆಟ್ಟದ್ದೇನೂ ಆಗಂಗಿಲ್ಲ," ಅಂದಳು ಅವ್ವ. ಆಮೇಲೆ, "ಹೊಳ್ಳಿ ಬರುವಾಗ ನಿನಗ ಹೇಳಿ ಕಳಸ್ತೀನಿ. ನೀ ಅಲ್ಲಿಗೆ ಬಾ," ಅಂದಳು.

ಫೋನ್ ಇಟ್ಟ ಮೇಲೆ ಮನಿಷಾ ಮತ್ತೆ ಪರದೆಯ ಮುಂದೆ ಕೂತಳು. ಮೊದಲ ಸಲ ಅಕ್ಷರ ತಪ್ಪಿತು. ಅಂಥ ಕನೆಕ್ಷನ್ ಇಲ್ಲ ಎಂದು ಯಂತ್ರ ತಿಳಿಸಿತು. ಎರಡನೆಯ ಸಲ ನಿಧಾನಕ್ಕೆ ಬರೆದಳು. 'ತಂಗಿ' ಹೋಗಿ 'ಬಿಳೂರ-ಪಂಚಾಯತ-1' ಬಂತು. ಅದರ ಕೆಳಗಿನದು 'ಡಫಳಾಪುರ-ಡೇರಿ-1' ಆಯಿತು. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದೂ ಮುಗಿದವು. ಹಳೆಯ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲೇ ಅಂತ ಪೆನ್ನು ತೆಗೆದವಳು ಮತ್ತೆ ಮುಚ್ಚಿಟ್ಟಳು. ಅವುಗಳಲ್ಲಿ ಇನ್ನೆಷ್ಟು ತಪ್ಪು ಊರಿನವೋ ಅವಳಿಗೇ ಖಾತ್ರಿಯಿರಲಿಲ್ಲ.

ಸೋಮವಾರ ಸುಲತಾನಾ ಪಟ್ಟಿ ನೋಡಿ ಸಮಾಧಾನಪಟ್ಟಳು. ತೋಳದ ಕಥೆ ಏನಕ್ಕಾ ಅಂತ ಕೇಳಿದಳು. ಮನಿಷಾ ಅದನ್ನೊಂದು ಹೇಳಿದಳು. ಉಳಿದವನ್ನು ಹೇಳಲಿಲ್ಲ.

ಮಿರಗಕ್ಕೆ ನಾಲ್ಕು ದಿನ ಇರುವಾಗ ಅವ್ವನ ಫೋನ್ ಬಂತು, ನಾಳೆ ಮುಂಜಾನೆ ಡಫಳಾಪುರ ದಾಟುತ್ತೇವೆ ಎಂದು. ಮನಿಷಾ ರಜೆ ಕೇಳಿದಳು. ಬರುವ ಫೋನುಗಳನ್ನೆಲ್ಲ ತಾನು ನೋಡಿಕೊಳ್ಳುತ್ತೇನೆ ಅಂದಳು ಸುಲತಾನಾ. ಡೇರಿಯ ಮುಂದೆ ಗಾಡಿ ನಿಲ್ಲಿಸುವ ಹೊತ್ತಿಗೆ ಹಿಂಡು ಆಗಲೇ ದಾಟಿ ಹೋಗಿತ್ತು. ದಾರಿಯ ಧೂಳು ಇನ್ನೂ ಪೂರ್ತಿ ಇಳಿದಿರಲಿಲ್ಲ. ಸಾವಿತ್ರವ್ವ ಒಬ್ಬಳೇ ಹಳ್ಳದ ದಂಡೆಯಲ್ಲಿ ನಿಂತಿದ್ದಳು.

ದಂಡೆ ಮೊದಲಿನಂತಿರಲಿಲ್ಲ. ಈ ಬೇಸಿಗೆಯಲ್ಲಿ ಯಾರೋ ಯಂತ್ರ ಹಚ್ಚಿ ನೆಲ ಸಮ ಮಾಡಿಸಿ ಹಳ್ಳದ ಅಂಚಿನವರೆಗೂ ದಾಳಿಂಬೆ ಹಚ್ಚಿದ್ದರು. ಅವ್ವ ಗಿಡಗಳ ಸಾಲಿನ ನಡುವೆ ಹೋದಳು, ತಿರುಗಿ ಬಂದಳು, ಹಳ್ಳದ ತಿರುವನ್ನು ನೋಡಿ ಮತ್ತೆ ನಾಲ್ಕು ಹೆಜ್ಜೆ ಇಟ್ಟಳು. "ಇಲ್ಲೇ ಎಲ್ಲ್ಯೋ," ಅಂದು ಕುಳಿತಳು. ಮನಿಷಾ ಪಕ್ಕದಲ್ಲಿ ಕುಳಿತಳು. ನೀರು ಹಾಕಲು ಗುರುತಿನ ಗಿಡವೂ ಇರಲಿಲ್ಲ. ಡ್ರಿಪ್ ಪೈಪಿನಿಂದ ಹನಿ ತಾನೇ ಬೀಳುತ್ತಿತ್ತು.

"ಹೆಂಗಿದ್ಲು ಯವ್ವಾ?"

"ನಿನ್ನಂಗ ಕರ್ರಗಿದ್ಲು. ತಲಿ ತುಂಬ ಕೂದಲ."

"ಏನರ ಹೆಸರ ಅಂದ್ಕೊಂಡಿದ್ದೇನು?"

ಅವ್ವ ತಲೆಯಾಡಿಸಿದಳು. "ಹದಿಮೂರನೇ ದಿನಕ್ಕ ಇಡಬೇಕಂತಿದ್ವಿ. ಇಡಲಿಲ್ಲ, ಚಲೋ ಆತು. ಇಟ್ಟಿದ್ರ ಕರೀಬೇಕ ಅನಸ್ತಿತ್ತು." ನೆಲದ ಮೇಲೊಮ್ಮೆ ಅಂಗೈ ಆಡಿಸಿದಳು. "ನಿನ್ನ ಕರೀತಿದ್ನಲ್ಲ. ನಿನ್ನ ಸಾಲಿಗೆ ಬಿಟ್ಟ ವರ್ಷ, ಸಂಜಿ ಮುಂದ ರೊಟ್ಟಿ ಬಡದು ಮನಿಷಾ ಅಂತಿದ್ದೆ. ನಿಮ್ಮಪ್ಪ ಎದ್ದು ಆಚಿ ಹೋಗಾಂವ."

ಈ ಮಾತು ಮನಿಷಾಗೆ ಯಾರೂ ಹೇಳಿರಲಿಲ್ಲ. ತಾನು ಜತ್ತದ ಆ ಮೂಲೆಯಲ್ಲಿ ಕಂಬಳಿ ಹೊದ್ದು ಅಲ್ಲಿಲ್ಲದ ಕುರಿಗಳ ಸದ್ದಿಗೆ ಕಿವಿಗೊಡುತ್ತಿದ್ದ ಸಂಜೆಗಳಲ್ಲಿ ಅಲ್ಲಿ ಹೀಗೂ ನಡೆಯುತ್ತಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಅವ್ವನ ಕೈ ಹಿಡಿದಳು. ಉಣ್ಣೆಯ ಜಿಡ್ಡಿಗೆ ಮೆತ್ತಗಾದ, ಆದರೆ ಬೆರಳುಗಳಲ್ಲಿ ಸೀಳಿದ ಕೈ.

ಬಿಸಿಲು ಏರತೊಡಗಿದಾಗ ಸಾವಿತ್ರವ್ವ ಎದ್ದು ಸೀರೆ ಕೊಡವಿದಳು. ಹಿಂಡು ದೂರ ಹೋಗಿರುತ್ತದೆ, ಗಂಡ ಒಬ್ಬನೇ ಇದ್ದಾನೆ ಅಂದಳು. ಮನಿಷಾ ಗಾಡಿಯನ್ನು ಡೇರಿಯವರಿಗೆ ಹೇಳಿ ಅಲ್ಲೇ ಬಿಟ್ಟು ಅವ್ವನ ಜೊತೆ ನಡೆದಳು. ಎರಡು ಮೈಲಿಯ ಮೇಲೆ ಹಿಂಡು ಸಿಕ್ಕಿತು. ಅಮಸಿದ್ದ ಮಗಳನ್ನು ನೋಡಿ, ನಡೆಯಲಾರದ ಒಂದು ಮರಿಯನ್ನು ಅವಳ ಕೈಗೆ ಕೊಟ್ಟ. ಮಧ್ಯಾಹ್ನದವರೆಗೆ ಅವಳು ಅದನ್ನು ಹೊತ್ತು ಕುರಿಗಳ ಹಿಂದೆ ನಡೆದಳು. ಪೇಟೆಯ ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿಯಿತು. ಬಿಚ್ಚಿ ಕುದುರೆಯ ಹೇರಿಗೆ ಸಿಕ್ಕಿಸಿದಳು.

ಡಾಂಬರು ರಸ್ತೆ ಸೇರಿದಲ್ಲಿ ಡಫಳಾಪುರದ ಕಡೆಗೆ ಹೋಗುವ ಜೀಪು ಬಂತು. ಮರುದಿನ ಮೂರು ಊರಿನ ಕೆಲಸ ಇತ್ತು. ಮರಿಯನ್ನು ಅವ್ವನ ಕೈಗೆ ಕೊಟ್ಟು, ಚಪ್ಪಲಿ ತೆಗೆದುಕೊಂಡು ಅವಳು ಜೀಪು ಹತ್ತಿದಳು. ಹಿಂದಿನ ಸೀಟಿನಿಂದ ನೋಡಿದರೆ ಅಪ್ಪ ಮುಂದೆ ನಡೆದಿದ್ದ, ಅವ್ವ ನಿಂತು ನೋಡುತ್ತಿದ್ದಳು.

ಆ ವಾರದ ಕೊನೆಗೆ ಸನಮಡಿಯ ಶಾಲೆಯ ಡಿಶ್ ಗಾಳಿಗೆ ಸರಿದಿದೆ ಎಂದು ಫೋನ್ ಬಂತು. ಸುಲತಾನಾ ಚೀಲ ಎತ್ತಿಕೊಂಡಳು. ಹಿಂಡು ಅಷ್ಟರಲ್ಲಿ ಸನಮಡಿ ಸೇರಿರಬೇಕು ಎಂದು ಮನಿಷಾ ದಿನ ಎಣಿಸಿದಳು.

"ನೀ ಕುಂದ್ರು," ಅಂದಳು. "ಅದಕ್ಕ ನಾ ಹೋಗ್ತೀನಿ."