ಮರಿ ಕಾಯುತ್ತಿದ್ದ ಮೀನು

ಆಡೂರಿನಿಂದ ಎರಡು ಮೈಲಿ ಆಚೆಯ ಕೆರೆಗೆ ಗುತ್ತೆಪ್ಪ ಮೂವತ್ತೊಂದು ವರ್ಷ ನೀರಗಂಟಿಯಾಗಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ತೂಬಿನ ಕಲ್ಲಿನ ಮೇಲೆ ಅವನೇ ಉಳಿಯಿಂದ ಕೊರೆದ ಗೆರೆಗಳಿದ್ದವು. ದಿನಾ ಬೆಳಿಗ್ಗೆ ನೀರು ಯಾವ ಗೆರೆಗಿದೆ ಎಂದು ನೋಡಿ ಒಂದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದ. ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಊರವರಿಗೆ ಬೇಕಿಲ್ಲದ ಸಂಗತಿಗಳಿದ್ದವು: ಗಾಳಿ ಯಾವ ಕಡೆಯಿಂದ ಬೀಸಿತು, ನೀರಿನ ಮೇಲೆ ಯಾವ ಹುಳ ಹಾರುತ್ತಿತ್ತು, ಯಾವ ಗರಿಗೆ ಮೀನು ಎದ್ದಿತು.

ಗುತ್ತೆಪ್ಪ ಎರೆಹುಳ ಚುಚ್ಚಿ ಮೀನು ಹಿಡಿಯುವವನಲ್ಲ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆರೆ ಅಳೆಯಲು ಬಂದಿದ್ದ ಎಂಜಿನಿಯರೊಬ್ಬರು ಬಳುಕುವ ಒಂದು ಕೋಲನ್ನೂ ಗರಿ ಕಟ್ಟಿದ ಗಾಳಗಳ ಒಂದು ಡಬ್ಬಿಯನ್ನೂ ಅವನಿಗೆ ಬಿಟ್ಟು ಹೋಗಿದ್ದರು. ಡಬ್ಬಿಯಲ್ಲಿದ್ದದ್ದು ಎರಡು ವರ್ಷಕ್ಕೆ ಮುಗಿಯಿತು. ಆಮೇಲೆ ತಾನೇ ಕಟ್ಟಲು ಕಲಿತ. ಪಕ್ಕದ ಮನೆಯ ಸುಹಾನಾಳ ಜವಾರಿ ಹುಂಜದ ಕತ್ತಿನ ಗರಿ, ತೇಲಲಿಕ್ಕೆ ಜೋಳದ ದಂಟಿನ ಬೆಂಡು, ಸುತ್ತಲು ರೇಷ್ಮೆ ದಾರ. ಅದಕ್ಕೆ ಅವನು ಇಟ್ಟ ಹೆಸರು ಗರಿಹುಳ. ಅದು ಹುಳದಂತೆಯೇ ಹಗುರಾಗಿ ನೀರಿಗೆ ಕೂರಬೇಕಾದರೆ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ದಾರವನ್ನು ಗಾಳಿಯಲ್ಲೇ ಬಿಚ್ಚಬೇಕು. ಏರಿಯ ಮೇಲೆ ನಿಂತು ಅವನು ಹಾಗೆ ಬೀಸುವುದನ್ನು ನೋಡಿದವರು, ಮಂದಿ ಮೀನು ತಿಂದರೆ ಇವನು ಮೀನಿಗೆ ಕೋಳಿ ತಿನ್ನಿಸುತ್ತಾನೆ ಎಂದು ಅಕ್ಕಿಆಲೂರಿನ ಸಂತೆಯವರೆಗೂ ಹೇಳಿ ನಕ್ಕರು. ಅವನೂ ನಗುತ್ತಿದ್ದ. ಸಣ್ಣಪುಟ್ಟ ಮೀನು ವಾರಕ್ಕೆರಡು ಸಲ ಮನೆಗೆ ಬರುತ್ತಿದ್ದುದರಿಂದ ಹೆಂಡತಿ ಭರಮವ್ವನಿಗೂ ತಕರಾರಿರಲಿಲ್ಲ.

ಮಗಳು ಸಮತಾ ಹತ್ತು ವರ್ಷದವಳಿದ್ದಾಗ ಒಂದು ಸಂಜೆ ಅವನ ಜೊತೆ ಕೂತಿದ್ದಳು. ಜೊಂಡಿನ ಹತ್ತಿರ ನೀರು ತಟ್ಟೆಯಷ್ಟಗಲ ಕೆಂಪಾಗಿತ್ತು.

"ಅಪ್ಪಾ, ಅಲ್ಲಿ ಯಾರೋ ಕುಂಕುಮ ಚೆಲ್ಯಾರ."

ಅದು ಕುಂಕುಮವಲ್ಲ, ಕುಚ್ಚುಮೀನಿನ ಮರಿಗಳ ಗುಂಪು ಎಂದು ಗುತ್ತೆಪ್ಪ ತೋರಿಸಿದ. ಹಾವಿನಂಥ ತಲೆಯ ಆ ಮೀನು ಮರಿಗಳನ್ನು ಬಿಟ್ಟು ಕದಲುವುದಿಲ್ಲ. ಅವು ಉಸಿರಿಗಾಗಿ ಮೇಲೆ ಬಂದಾಗ ಗಂಡು ಹೆಣ್ಣು ಎರಡೂ ಕೆಳಗೇ ಕಾಯುತ್ತಿರುತ್ತವೆ.

"ಈಗ ಗಾಳ ಹಾಕಿದ್ರ ಹಸಿವಿಗೆ ಕಚ್ಚೂದಿಲ್ಲವ್ವ, ಸಿಟ್ಟಿಗೆ ಕಚ್ತಾವ," ಅಂದ. "ಹಂಗ ಹಿಡಿಯೂದು ಬ್ಯಾಡ. ದೊಡ್ಡದು ಹ್ವಾದ್ರ ಈ ಮರಿ ನಾಳಿ ಸಂಜಿತನಕಾನೂ ಉಳಿಯೂದಿಲ್ಲ."

ಅವನಿಗಿದ್ದ ನೇಮ ಅದೊಂದೇ.

ಸಮತಾಳನ್ನು ಶಿಗ್ಗಾಂವಿಗೆ ಕೊಟ್ಟರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೊಟ್ಟೆ ಕೊಯ್ದು ಮಗು ತೆಗೆದಿದ್ದರು. ಹೊಲಿಗೆ ಬೇಗ ಮಾಯುತ್ತಿರಲಿಲ್ಲ, ಹಾಲು ಸಾಲುತ್ತಿರಲಿಲ್ಲ. ಇದಕ್ಕೆ ಕುಚ್ಚುಮೀನಿನ ಸಾರೇ ಆಗಬೇಕು ಎಂದು ಭರಮವ್ವ ಪಟ್ಟು ಹಿಡಿದಳು. ಶ್ರಾವಣ ಹತ್ತಿದರೆ ಆ ಮನೆಯಲ್ಲಿ ಮೀನಿನ ಗಡಿಗೆ ಒಲೆಗೇರುತ್ತಿರಲಿಲ್ಲ. ಉಳಿದದ್ದು ಆರು ದಿನ.

ಗುತ್ತೆಪ್ಪ ಕೆರೆಗೆ ಹೋದ. ಕೋಡಿಯ ಬದಿಯ ಜೊಂಡಿನಲ್ಲಿ ಮೂರು ಕಿಲೋ ತೂಗುವ ಕುಚ್ಚು ಇತ್ತು, ಅದರ ಮೇಲೆ ಕೆಂಪು ಮರಿಗಳಿದ್ದವು. ಬೇರೆಲ್ಲೂ ಒಂದೂ ಏಳಲಿಲ್ಲ. ಮೂರು ಸಂಜೆ ಅದೇ ಕಲ್ಲಿನ ಮೇಲೆ ಕೂತ. ಗರಿಹುಳ ಬೆರಳ ತುದಿಯಲ್ಲೇ ಇತ್ತು. ಒಂದೇ ಬೀಸಿಗೆ ಸಿಗುವ ಮೀನು. ಎರಡನೆಯ ಸಂಜೆ ಕೋಲು ಎತ್ತಿಯೂ ಎತ್ತಿದ. ಮರಿಗಳು ಗುಳುಗುಳು ಎಂದು ಮೇಲೆ ಬಂದವು, ಇಳಿಸಿದ.

ಮನೆಗೆ ಹೋಗಿ, ಈ ವರ್ಷ ಕೆರೆಯಲ್ಲಿ ಕುಚ್ಚು ಇಲ್ಲವೇ ಇಲ್ಲ ಅಂದ. ಅಕ್ಕಿಆಲೂರಿನಿಂದ ಕಾಟ್ಲಾ ಮೀನು ತಂದುಕೊಟ್ಟ. ಭರಮವ್ವ ಮುಖ ಸಣ್ಣದು ಮಾಡಿಕೊಂಡೇ ಬೇಯಿಸಿದಳು. ಇದ್ದ ಸಂಗತಿಯನ್ನು ಮಗಳಿಗೆ ಹೇಳಿಬಿಡಬಹುದಿತ್ತು. ಹಸಿ ಬಾಣಂತಿಯ ಮುಂದೆ ಮೀನಿನ ಮರಿಗಳ ಮಾತು ಹೇಗೆ ತೆಗೆಯುವುದೆಂದು ಅವನಿಗೆ ನಾಚಿಕೆಯಾಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಓಣಿಯ ಹುಲಗೇಶ ಒದ್ದೆ ಚೀಲ ಹೊತ್ತು ಬಂದ. ಚೀಲದಲ್ಲಿದ್ದದ್ದು ಕೋಡಿಯ ಬದಿಯ ಕುಚ್ಚು.

"ಕಾಕಾ ಮೂರು ದಿನ ಅಲ್ಲೇ ನೋಡ್ಕೋತ ಕುಂತಿದ್ದ. ಏನರ ಐತಿ ಅಂತ ಬಲಿ ಬೀಸಿದೆ. ಮ್ಯಾಲೆ ಕೆಂಪನ್ನ ಮರಿ ಕುಣ್ಯಾಕತ್ತಿದ್ವು," ಅಂದ, ಒಳಗೆ ಮಲಗಿದ್ದ ಸಮತಾಳಿಗೂ ಕೇಳುವಂತೆ. "ತಗೋ ಅಕ್ಕಾ, ತವರಿನ ಕೆರಿ ಮೀನ."

ಗುತ್ತೆಪ್ಪ ಕಟ್ಟೆಯ ಮೇಲೆ ಕೂತಲ್ಲೇ ಕೂತಿದ್ದ. ಭರಮವ್ವ ಅವನ ಕಡೆ ಒಮ್ಮೆ ನೋಡಿ ಈಳಿಗೆ ತೆಗೆದುಕೊಂಡಳು. ಅವನು ಕಾದು ಕೂತಿದ್ದೇ ಮೀನಿಗೆ ಮುಳುವಾಗಿತ್ತು. ಮಗಳ ತಾಟಿಗೆ ಬಂದದ್ದೂ ಅವನ ಕೈಯಿಂದಲ್ಲ. ಸಮತಾ ಎರಡು ಬಟ್ಟಲು ಸಾರು ಕುಡಿದಳು. ಆಮೇಲೆ ಬಾಗಿಲ ಸಂದಿನಿಂದ ಕೇಳಿದಳು:

"ಅಪ್ಪಾ, ನಿನಗ ಸಿಕ್ಕಿದ್ರ ತರ್ತಿದ್ದಿ, ಹೌದಲ್ಲ?"

"ಹೂಂ ಅವ್ವಾ. ತರ್ತಿದ್ದೆ."

ಸಂಜೆ ಕೆರೆಗೆ ಹೋಗಿ ನೋಡಿದ. ಜೊಂಡಿನ ಹತ್ತಿರ ಕೆಂಪು ಇರಲಿಲ್ಲ. ಪುಸ್ತಕದಲ್ಲಿ ಬೆಳಿಗ್ಗೆಯೇ ಬರೆದ ನೀರಿನ ಗೆರೆ ಇತ್ತು. ಹಿಂದಿನ ಹಾಳೆಯಲ್ಲಿ ದಿನಾಂಕ ಮಾತ್ರ ಹಾಕಿ ಬಿಟ್ಟ.

ಆಮೇಲೆ ಎಂಟು ವರ್ಷ ಕಳೆದವು. ದೀಪಾವಳಿಗೆ, ಕಾರಹುಣ್ಣಿಮೆಗೆ ಮಗಳು ಬಂದಾಗಲೆಲ್ಲ ಹೇಳಿಬಿಡಬೇಕೆಂದು ಗುತ್ತೆಪ್ಪ ಅಂದುಕೊಳ್ಳುತ್ತಿದ್ದ. ಬಸ್ಸು ಹತ್ತಿಸುವ ಹೊತ್ತಿಗೆ ಅವಳ ಚೀಲ, ಮಗುವಿನ ಟೊಪ್ಪಿಗೆ, ಚಿಲ್ಲರೆಯ ಮಾತೇ ಆಗುತ್ತಿತ್ತು. ಈ ನಡುವೆ ಹೂಳೆತ್ತುವ ಯಂತ್ರ ಬಂದು ದಂಡೆಯ ಜೊಂಡನ್ನೆಲ್ಲ ಬಗೆದು ಹಾಕಿತು. ಎಲ್ಲಿಂದಲೋ ಹೊರಗಿನ ಜಾತಿಯ ಜಿಲೇಬಿ ಮೀನು ಸೇರಿ ಕೆರೆ ತುಂಬಿಕೊಂಡಿತು. ಕುಚ್ಚು ಕಾಣುವುದೇ ಅಪರೂಪವಾಯಿತು. ಒಂದು ಮೀನು ಹೋದರೆ ಒಂದು ಜಾತಿಯೇ ಹೋಗುವುದಿಲ್ಲ, ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಕೋಡಿಯ ಆ ಕಲ್ಲಿನ ಮೇಲೆ ಮತ್ತೆ ಕೂರಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಸಮತಾ ಎರಡನೆಯ ಬಾಣಂತನಕ್ಕೆ ಬಂದಳು. ಮೀನು ಬೇಕೆಂದು ಯಾರೂ ಕೇಳಲಿಲ್ಲ. ಗುತ್ತೆಪ್ಪನೇ ಹೊಸ ಗರಿಹುಳ ಕಟ್ಟಿಕೊಂಡು ಹೊರಟ. ಈ ಸಲ ಮರಿ ಇದ್ದರೂ ಬೀಸಿಯೇ ಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದ. ಏರಿಯ ಈ ತುದಿಯಿಂದ ಆ ತುದಿಯವರೆಗೆ, ಹತ್ತು ಹೆಜ್ಜೆಗೊಂದು ಸಲ, ನಾಲ್ಕು ದಿನ ಬೀಸಿದ. ಗರಿಹುಳ ಹಗುರಾಗಿ ಕೂರುತ್ತಿತ್ತು, ಅಲೆಯ ಮೇಲೆ ತೇಲುತ್ತಿತ್ತು, ಹೋದ ಹಾಗೆಯೇ ಕೈಗೆ ಬರುತ್ತಿತ್ತು. ಕೊನೆಗೆ ಕೋಡಿಯ ಕಲ್ಲಿಗೂ ಹೋದ. ಅಲ್ಲೂ ಏನೂ ಏಳಲಿಲ್ಲ.

ಮನೆಗೆ ಬಂದು ಕೋಲನ್ನು ಮೂಲೆಗಿಟ್ಟ. ಸಮತಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ಕುಚ್ಚು ಸಿಗಲಿಲ್ಲವ್ವ," ಅಂದ.

ಅವಳು ಕೂಸಿನ ಕುಲಾಯಿ ಸರಿಮಾಡುತ್ತ, ತಲೆ ಎತ್ತದೆ, ಮೆಲ್ಲಗೆ ಕೇಳಿದಳು:

"ಈ ಸಲಾನೂ ಮರಿ ಅದಾವೇನಪಾ?"

ಗುತ್ತೆಪ್ಪ ಅವಳ ಪಕ್ಕ ಕೂತ. ಅಷ್ಟು ವರ್ಷ ಅವನು ಹೇಳದೆ ಇಟ್ಟುಕೊಂಡಿದ್ದು ಅವಳಿಗೆ ಗೊತ್ತೇ ಇತ್ತು.

"ಇಲ್ಲವ್ವಾ," ಅಂದ. "ಈಗ ಮರೀನೂ ಇಲ್ಲ."