ಎಸಿ ಜಾಲರಿಯ ಕೆಳಗಿನ ದೇವರ ಗೂಡು

ಅವರ ಬಲಗೈ ಬೆರಳುಗಳ ಮೇಲೆಲ್ಲ ಕೂದಲೆಳೆಯಷ್ಟು ಸಣ್ಣ ಗೀರುಗಳಿದ್ದವು. ಎಸಿಯೊಳಗೆ ಸಾಲಾಗಿ ನಿಂತಿರುವ ಅಲ್ಯೂಮಿನಿಯಂ ತಗಡುಗಳ ಅಂಚು ಬ್ಲೇಡಿನ ಹಾಗೆ. ಇಪ್ಪತ್ತೆಂಟು ವರ್ಷ ಅವುಗಳ ನಡುವಿನ ಧೂಳು ತೆಗೆದವರ ಕೈ ಇನ್ನು ಹೇಗಿದ್ದೀತು? ಉಪ್ಪಿನಂಗಡಿ ಕಡೆಯವರು, ಗಲ್ಫಿಗೆ ಬಂದು ಇಲ್ಲಿ ರಾಸ್ ಅಲ್ ಖೋರಿನ ಎಸಿ ವರ್ಕ್‌ಶಾಪೊಂದರಲ್ಲಿ ಕೆಲಸ. ಮಗಳು ಇಟ್ಟ 'ಎಸಿ ಅಂಕಲ್' ಎಂಬ ಹೆಸರೇ ನಮ್ಮ ಮನೆಯಲ್ಲಿ ನಿಂತಿತು.

ಅವರು ಮೊದಲು ಬಂದಾಗ ಮಗಳಿಗೆ ಐದು ವರ್ಷ. ಉಬ್ಬಸ ಜೋರಾಗಿತ್ತು. ಔಷಧಿಗೆ ಬಗ್ಗದಿದ್ದಾಗ ಡಾಕ್ಟರು ಸ್ವಲ್ಪ ದಿನ ಊರಿಗೆ ಕಳಿಸಿ ನೋಡಿ ಎಂದಿದ್ದರು. ಹೆಂಡತಿ, ಮಗಳು ಮೈಸೂರಿಗೆ ಹೋಗುವುದೆಂದು ಮಾತಾಗಿತ್ತು. ನಾನು ಮನೆ ಬಿಟ್ಟು ಇಲ್ಲೇ ಕರಾಮದಲ್ಲಿ, ಮಂಚವೊಂದನ್ನಷ್ಟೇ ಬಾಡಿಗೆಗೆ ಕೊಡುವ ಯಾವುದೋ ಬೆಡ್‌ಸ್ಪೇಸಿಗೆ. ಹಾಗೆ ಸ್ವಲ್ಪ ದಿನಕ್ಕೆಂದು ಹೋದ ಸಂಸಾರಗಳು ವಾಪಸು ಬಂದದ್ದನ್ನು ನಾನು ಕಂಡಿರಲಿಲ್ಲ. ಶಾಲೆಗೆ ಕೊಡಬೇಕಾದ ಟಿ.ಸಿ. ಅರ್ಜಿ ಬರೆದಿಟ್ಟು ದಿನ ದೂಡುತ್ತಿದ್ದೆ.

ಎಸಿ ಒಮ್ಮೆ ಸರಿಯಾಗಿ ಬಿಚ್ಚಿಸಿ ನೋಡು ಎಂದು ಸಹೋದ್ಯೋಗಿಯೊಬ್ಬ ಇವರ ನಂಬರು ಕೊಟ್ಟ. ಬಂದವರು ಏಣಿ ಹತ್ತಿ, ಪ್ಯಾಸೇಜಿನ ಚಾವಣಿಯ ಜಾಲರಿ ಬಿಚ್ಚಿ, ತಲೆ ಒಳಗಿಟ್ಟು ಬಹಳ ಹೊತ್ತು ಟಾರ್ಚು ಹಾಯಿಸಿ ನೋಡಿದರು. ನನಗೋ ಆಫೀಸಿಗೆ ಹೊತ್ತಾಗುತ್ತಿತ್ತು. ಕೆಳಗಿಳಿದು ಬೆರಳುಜ್ಜಿ ಮೂಸಿದರು.

"ಇದು ಮರಳಿನ ಧೂಳಲ್ಲ ಸರ್. ಮರಳಾದ್ರೆ ಬ್ರಷ್ ತಾಗಿದ ಕೂಡ್ಲೆ ಉದುರ್ತದೆ. ಇದರಲ್ಲಿ ಜಿಡ್ಡು ಉಂಟು."

"ಅಡುಗೆದಿರ್ಬೇಕು," ಎಂದೆ.

"ಅಡಿಗೆದ್ದಲ್ಲ," ಎಂದು ಜಾಲರಿಯ ನೇರ ಕೆಳಗಿದ್ದ ನಮ್ಮ ದೇವರ ಮರದ ಗೂಡನ್ನು ನೋಡಿದರು. ಪೂರ್ವಕ್ಕೆ ಮುಖ ಬರುವುದು ಆ ಗೋಡೆಯಲ್ಲಿ ಮಾತ್ರ ಎಂದು ಹಟ ಹಿಡಿದು ಮೊಳೆ ಹೊಡೆದವನು ನಾನು. ದಿನಾ ಸಂಜೆ ಅಲ್ಲಿ ಸಾಂಬ್ರಾಣಿ. ಮಗಳ ಕೆಮ್ಮು ಹೆಚ್ಚಾದ ಮೇಲೆ, ದೃಷ್ಟಿಯಾಗಿರಬಹುದೆಂದು ಎರಡು ಹೊತ್ತೂ ಹಾಕುತ್ತಿದ್ದೆ. ಆ ಹೊಗೆಯೆಲ್ಲ ಜಾಲರಿಯೊಳಗೆ ಹೋಗಿ ಧೂಳನ್ನು ಅಂಟಿಸುತ್ತಿತ್ತು, ಎಸಿ ಅದನ್ನೇ ಮಗುವಿನ ಕೋಣೆಗೆ ಊದುತ್ತಿತ್ತು.

"ಬೇಜಾರು ಮಾಡ್ಬೇಡಿ ಸರ್. ನಾನು ಬ್ಯಾರಿ, ಮುಸಲ್ಮಾನ, ನಿಮ್ಮ ದೇವರ ಜಾಗದ ವಿಷಯ ನಾನು ಹೇಳುದು ಸರಿಯಲ್ಲ. ಆದ್ರೆ ಮಗು ಉಂಟಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ ಕೆಲ್ಸ ನೀವು ನೋಡಿ," ಎಂದುಬಿಟ್ಟೆ.

ಅವರು ಮತ್ತೆ ಏಣಿ ಹತ್ತಿದರು. ಆಫೀಸಿಗೆ ರಜೆ ಹೇಳಿ ನಾನೂ ಏಣಿಯ ಬುಡ ಹಿಡಿದು ನಿಂತೆ, ಸಿಟ್ಟಿನಲ್ಲೇ. ಬ್ರಷ್ಷನ್ನು ತಗಡಿನ ಉದ್ದಕ್ಕೇ ಎಳೆಯುತ್ತಿದ್ದರು, ಅಡ್ಡಕ್ಕೆ ಒಮ್ಮೆಯೂ ಇಲ್ಲ. ಬಾಗಿದ ತಗಡುಗಳನ್ನು ಬಾಚಣಿಗೆಯಂಥದೊಂದರಿಂದ ಒಂದೊಂದಾಗಿ ನೆಟ್ಟಗೆ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ತೊಳೆದ ಕಪ್ಪು ನೀರು ಎರಡು ಬಕೆಟ್ ಇಳಿದಿತ್ತು. ಹೆಂಡತಿ ಆ ನೀರನ್ನು ನೋಡಿದಳು, ಆಮೇಲೆ ನನ್ನನ್ನು.

"ದೇವ್ರನ್ನ ಎಲ್ಲಿಟ್ರೆ ಒಳ್ಳೇದು ಹೇಳಿ ಅಣ್ಣ," ಎಂದು ಕೇಳಿದಳು.

"ಅಡಿಗೆ ಕೋಣೆಯ ಕಿಟಕಿ ಹತ್ರ ಅಕ್ಕ. ಹೊಗೆ ಹೊರಗೆ ಹೋಗ್ತದೆ."

ಗೋಡೆ ಕೊರೆದು ಗೂಡು ಕೂರಿಸಿಕೊಟ್ಟವರೂ ಅವರೇ. ಅವಳು ಮೂರ್ತಿಗಳನ್ನು ಸಾಗಿಸುವಷ್ಟು ಹೊತ್ತು ಮಾತ್ರ ಬಾಗಿಲಾಚೆ ಹೋಗಿ ನಿಂತಿದ್ದರು. ದೇವರ ಮುಖ ಉತ್ತರಕ್ಕೆ ತಿರುಗಿತು, ನಮಗೇನೂ ಆಗಲಿಲ್ಲ. ಎರಡು ತಿಂಗಳಲ್ಲಿ ಉಬ್ಬಸ ಇಳಿಯಿತು. ಟಿ.ಸಿ. ಅರ್ಜಿ ಹರಿದು ಹಾಕಿದೆ.

ಮುಂದಿನ ಎಂಟು ವರ್ಷ ಅವರೇ ಬಂದರು. ಚಪ್ಪಲಿ ಬಿಡುವಾಗಲೇ, "ಕೆಮ್ಮು ಉಂಟಾ ಮಗಾ?" ಎಂದು ಕೇಳುವರು. "ನೋ ಅಂಕಲ್, ಐ ಆಮ್ ಫೈನ್," ಎಂದು ಅವಳೆಂದರೆ ಮುಖ ಅರಳುತ್ತಿತ್ತು. ನನ್ನ ಅಂದಿನ ಮಾತನ್ನು ಅವರು ಎತ್ತಿ ಆಡಲಿಲ್ಲ. ಕ್ಷಮೆ ಕೇಳುವಷ್ಟು ದೊಡ್ಡತನ ನನಗೂ ಬರಲಿಲ್ಲ.

ಹೋದ ವರ್ಷ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದರು. ಮೊನ್ನೆ ಅವರ ಮಗ ಫೋನ್ ಮಾಡಿದ್ದ, ತಂದೆ ತೀರಿಕೊಂಡರೆಂದು ಹೇಳಲು. ಏನಾಗಿತ್ತು ಎಂದು ಕೇಳಿದೆ.

"ಎದೆಯಲ್ಲಿ ಧೂಳು ಕೂತಿದೆ ಅಂತ ಡಾಕ್ಟ್ರು ಹೇಳಿದ್ರು ಸರ್. ಸುಮಾರು ವರ್ಷದ್ದಂತೆ."

ನಮ್ಮ ಮನೆಯ ಧೂಳನ್ನು ಅವರು ತೆಗೆಯುವಾಗ ಪ್ರತಿ ಸಲವೂ ಏಣಿಯ ಬುಡ ಹಿಡಿದುಕೊಂಡವನು ನಾನು. ಮೂಗಿಗೆ ಒಂದು ಬಟ್ಟೆಯಾದರೂ ಕಟ್ಟಿಕೊಳ್ಳಿ ಎಂದು ಅವರಿಗೆ ಹೇಳಬೇಕೆಂಬುದು ನನಗೆ ಒಮ್ಮೆಯೂ ಹೊಳೆಯಲಿಲ್ಲ.